ಲಾರಿಯ ಜಾಲರಿಯೂ ಮಲೆನಾಡಿನ ಕುಲುಮೆಯೂ

ಹೊಸನಗರ ತಾಲ್ಲೂಕಿನ ಒಂದು ಅಡಕೆತೋಟದ ಮನೆಯಲ್ಲಿ, ಸೌದೆಕೊಟ್ಟಿಗೆಯ ಪಕ್ಕಕ್ಕೆ ಇಳಿಸಿದ ಮಾಡಿನ ಕೆಳಗೆ, ಹಳೆಯ ಷೆವರ್ಲೆ ಲಾರಿಯೊಂದು ನಿಂತಿರುವುದು. ಕಳೆದ ಮಾರ್ಗಶಿರದಲ್ಲಿ ಆ ಮನೆಯ ಯಜಮಾನರು ನನ್ನನ್ನು ಬರಮಾಡಿಕೊಂಡುದು ಲಾರಿಯನ್ನು ತೋರಿಸಲಿಕ್ಕಲ್ಲ, ಹಿರಿಯರ ಕಾಲದ ನಾಲ್ಕಾರು ಕಡತಗಳನ್ನು ಓದಿಸಲಿಕ್ಕೆ. ಕಡತಗಳಲ್ಲಿ ಹೇಳಿಕೊಳ್ಳುವಂತಹುದೇನೂ ದೊರೆಯಲಿಲ್ಲ; ಅಡಕೆಯ ತೂಕ, ಆಳುಗಳ ಭತ್ತದ ಲೆಕ್ಕ, ಒಂದೆರಡು ಕೈಸಾಲದ ಬಾಬತ್ತು, ಇಷ್ಟೆ. ಊಟವಾಗಿ ಜಗಲಿಯಲ್ಲಿ ಕವಳ ಹಾಕಿಕೊಳ್ಳುತ್ತಿದ್ದಾಗ ಯಜಮಾನರಿಗೂ ಅವರ ಮೊಮ್ಮಗನಿಗೂ ನಡೆದಿದ್ದ ವಿವಾದವೊಂದು ನನ್ನ ಕಿವಿಗೆ ಬಿದ್ದಿತು.

ಲಾರಿಯ ಮುಖಕ್ಕೆ ಅಳವಡಿಸಿದ ಕಬ್ಬಿಣದ ಜಾಲರಿಯು ನೆಗ್ಗಿ, ತುಕ್ಕು ಹಿಡಿದು, ಒಂದು ಕೊನೆಯಲ್ಲಿ ಸೀಳಿಹೋಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗನು ಅದೇ ಮಾದರಿಯಲ್ಲಿ ಹೊಸದಾಗಿ ಒತ್ತಿದ ಜಾಲರಿಯೊಂದನ್ನು ಅಮೆರಿಕದಿಂದ ತರಿಸಿ, ಪೆಟ್ಟಿಗೆಯ ಸಮೇತ ತಂದಿಟ್ಟಿದ್ದನು. "ಅಜ್ಜಯ್ಯ, ಹಳೇದು ಇನ್ನು ಯಾರ ಕೈಯಲ್ಲೂ ನೆಟ್ಟಗಾಗೋದಿಲ್ಲ" ಎಂದು ಅವನ ವಾದ. "ಮೂರು ಸಲ ನೆಟ್ಟಗಾಗಿದೆ ಮಾರಾಯ, ನಾಲ್ಕನೇ ಸಲ ಆಗದೆ ಎಲ್ಲಿಗೆ ಹೋಗ್ತದೆ?" ಎಂದು ಇವರ ಉತ್ತರ. ಕಡೆಗೆ ಇಬ್ಬರೂ ನನ್ನ ಕಡೆ ತಿರುಗಿ, ಚರಿತ್ರೆ ಬರೆಯುವವರಾದ ನೀವೇ ಒಂದು ಮಾತು ಹೇಳಬೇಕೆಂದರು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ವಿಚಾರಿಸಿ ತಿಳಿದುದನ್ನೂ ನನ್ನ ಊಹೆಯನ್ನೂ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಸೀಮೆಯ ಮೋಟಾರು ವಾಹನಗಳ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಮಾಲೀಕರ ಹೆಸರನ್ನೂ, ಬಸ್ಸು ಮೊದಲು ಬಂದ ವರ್ಷವನ್ನೂ, ದಾರಿಗಳನ್ನೂ ಹೇಳಿ ಮುಗಿಸುವರು. ವಾಹನವು ಊರಿಗೆ ಬಂದುದು ಒಂದು ದಿನದ ಸಂಗತಿ. ಅದು ಮುಂದೆ ನಲವತ್ತು ಐವತ್ತು ವರ್ಷ ಓಡಿತೆಂಬುದಿದೆಯಲ್ಲ, ಅದು ರಿಪೇರಿಯವರ ಕೆಲಸ. ಅವರ ಹೆಸರು ಯಾವ ದಾಖಲೆಯಲ್ಲಿಯೂ ಬಾರದು. ಅವರು ಮಾಡಿದ ಕೆಲಸ ಮಾತ್ರ ಲೋಹದ ಮೇಲೆ ಉಳಿದಿರುತ್ತದೆ. ಎಂಜಿನ್ನಿನೊಳಗಿನ ಕೆಲಸ ಕಣ್ಣಿಗೆ ಕಾಣದು. ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವ, ಬಿಡಿಭಾಗವಿಲ್ಲದೆಯೂ ಸ್ಥಳೀಯ ಕೈಗಳಿಂದ ಸರಿಪಡಿಸಬಹುದಾದ ಜಾಲರಿಯ ಮೇಲೆ ಅದು ಬರಿಗಣ್ಣಿಗೇ ಕಾಣುವುದು.

ಜಾಲರಿಯೆಂಬುದು ಬರಿಯ ಶೃಂಗಾರವೆಂದು ಬಯಲುಸೀಮೆಯವರು ಭಾವಿಸಿದರೆ ತಪ್ಪಿಲ್ಲ. ಮಲೆನಾಡಿನಲ್ಲಿ ಹಾಗಲ್ಲ. ಎಂಜಿನ್ನಿನ ಕಾವನ್ನು ಹೊತ್ತು ಬರುವ ನೀರು ತಣಿಯತಕ್ಕ ರೇಡಿಯೇಟರಿನ ಮುಂದೆ ಇದು ಕಾವಲಿನಂತೆ ನಿಂತಿರುತ್ತದೆ. ರೇಡಿಯೇಟರಿನ ಕೊಳವೆಗಳೋ ತಗಡಿಗಿಂತ ತೆಳುವಾದ ಹಿತ್ತಾಳೆ ತಾಮ್ರಗಳವು. ಒಂದು ಕಲ್ಲಿನ ಚೂರು, ಒಂದು ಬಿದಿರಿನ ಮುಳ್ಳು ಸಾಕು. ಘಾಟಿಯನ್ನು ಹತ್ತುವಾಗ ಲಾರಿಯ ವೇಗ ಕಾಲುನಡಗೆಗೆ ಇಳಿಯುವುದರಿಂದ ಎದುರುಗಾಳಿ ದೊರೆಯದೆ, ಎಂಜಿನ್ನಿನ ಬೀಸಣಿಗೆ ಜಾಲರಿಯ ಸಂದುಗಳಿಂದ ಎಳೆದುಕೊಂಡಷ್ಟೇ ಗಾಳಿ. ಆ ಸಂದುಗಳಲ್ಲಿ ಹುಲ್ಲು ತರಗೆಲೆ ತುಂಬಿಕೊಂಡರೆ ಅಥವಾ ಪಟ್ಟಿಗಳು ಜಜ್ಜಿ ಒಂದಕ್ಕೊಂದು ಕೂಡಿಕೊಂಡರೆ ನೀರು ಕುದಿಯತೊಡಗುತ್ತದೆ. ಪಟ್ಟಿ ಒಳಕ್ಕೆ ಮಡಿಸಿ ಕೊಳವೆಗೆ ತಾಗಿದರೆ ತೂತೇ ಬೀಳುವುದು. ಅಂತಹ ತೂತಿಗೆ ಚಾಲಕರು ಒಂದು ಹಿಡಿ ಅರಿಸಿನದ ಪುಡಿಯನ್ನು ನೀರಿಗೆ ಸುರಿದು ಮುಂದಿನ ಊರನ್ನು ಮುಟ್ಟುತ್ತಿದ್ದರು. ಪುಡಿ ನೆನೆದು ಉಬ್ಬಿ ಸಂದನ್ನು ಮುಚ್ಚಿಕೊಳ್ಳುವುದು. ಅಡಿಗೆಮನೆಯ ಈ ಮದ್ದು ಇಂದಿಗೂ ಮರೆತುಹೋಗಿಲ್ಲ.

ಇನ್ನು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೩೦೦ ಅಂಗುಲದಷ್ಟು ಮಳೆಯಾಗುತ್ತದೆ. ೧೯೪೬ರ ಆಗಸ್ಟ್ ತಿಂಗಳೊಂದರಲ್ಲಿಯೇ ೧೭೭ ಅಂಗುಲ ಬಿದ್ದುದುಂಟು. ಹೊಸನಗರದ ಹುಲಿಕಲ್ಲೂ ಇದಕ್ಕೆ ಹಿಂದುಳಿದುದಲ್ಲ. ಈ ತೇವಕ್ಕೆ ಸಾಲದೆಂಬಂತೆ ಕರಾವಳಿಯಿಂದ ಮೇಲೇರುವ ಲಾರಿಗಳು ಉಪ್ಪನ್ನೂ ಒಣಮೀನನ್ನೂ ಹೊತ್ತು ಬರುತ್ತಿದ್ದುವು. ಉಪ್ಪುನೀರು ಸೋರಿದ ಕಡೆ ಕಬ್ಬಿಣ ಎಷ್ಟು ದಿನ ಉಳಿದೀತು? ಆದುದರಿಂದ ನಮ್ಮಲ್ಲಿ ಜಾಲರಿಗೆ ಹೊರಗಿನ ಪೆಟ್ಟು ಒಂದು ಶತ್ರುವಾದರೆ, ಒಳಗಿಂದ ತಿನ್ನುವ ತುಕ್ಕು ಇನ್ನೊಂದು.

ಇಂತಹ ದೇಶಕ್ಕೆ ಲಾರಿಗಳು ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. ಕೆಳದಿಯ ಅರಸರ ಕಾಲದಲ್ಲಿಯೂ, ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದ ಮೇಲೂ ಘಾಟಿಗಳ ಸಾಗಣೆಯೆಲ್ಲ ಹೇರೆತ್ತುಗಳ ಬೆನ್ನಿನ ಮೇಲೆಯೇ. ಕೆಳಕ್ಕೆ ಅಕ್ಕಿ, ಮೆಣಸು, ಅಡಕೆ, ಮೇಲಕ್ಕೆ ಉಪ್ಪು. ೧೮೦೧ರಲ್ಲಿ ಈ ಸೀಮೆಯನ್ನು ಸಂಚರಿಸಿದ ಬುಕಾನನನು ಇಲ್ಲಿಯ ವ್ಯಾಪಾರದ ಸಂಗತಿಗಳನ್ನು ಬರೆದಿಟ್ಟಿರುವನು. ಮುಂದೆ ಘಾಟಿ ರಸ್ತೆಗಳು ಅಗಲವಾಗಿ ಗಾಡಿಗಳು ಬಂದುವು. ಗಾಡಿಗಳ ಹಿಂದೆ ಲಾರಿಗಳು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ತೊಡಗಿಸಿದ ಹಂಚಿನ ಕೈಗಾರಿಕೆಯ ಫಲವಾಗಿ ಮಲೆನಾಡಿನ ಸೋಗೆಮನೆಗಳು ಹಂಚಿನ ಮನೆಗಳಾದುದಕ್ಕೆ ಗಾಡಿಗಳೊಡನೆ ಲಾರಿಗಳೂ ಸಹಾಯವಾದುವು. ಶಿವಮೊಗ್ಗೆಯಿಂದ ಸಾಗರದ ಮೇಲೆ ತಾಳಗುಪ್ಪದವರೆಗೆ ರೈಲು ಬಂದುದು ೧೯೪೦ರ ಹೊತ್ತಿಗೆ. ರೈಲು ಬಂದರೆ ಲಾರಿಗೆ ಕೆಲಸವಿಲ್ಲದಾಗುವುದೆಂದು ಕೆಲವರು ಎಣಿಸಿದ್ದಿರಬಹುದು. ಆದರೆ ಆ ಹಳಿ ಹೊಸನಗರವನ್ನಾಗಲಿ ತೀರ್ಥಹಳ್ಳಿಯನ್ನಾಗಲಿ ಮುಟ್ಟಲಿಲ್ಲ. ಅದೇ ವರ್ಷಗಳಲ್ಲಿ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಏಳುತ್ತಿದ್ದಿತು. ಜೋಗದಲ್ಲಿ ೧೯೪೮ರಲ್ಲಿ ವಿದ್ಯುತ್ತು ಹುಟ್ಟಿತು.

ನಡುವೆ ಮಹಾಯುದ್ಧ. ೧೯೪೧ರಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲನ್ನು ಉರಿಸಿ ಹುಟ್ಟಿಸಿದ ಅನಿಲದಿಂದ ಬಸ್ಸು ಲಾರಿಗಳನ್ನು ಓಡಿಸಿದರು. ಆ ಅನಿಲವನ್ನು ತಣಿಸುವ ಕೊಳವೆಗಳನ್ನು ಕೆಲವು ಮಾದರಿಗಳಲ್ಲಿ ರೇಡಿಯೇಟರಿನ ಮುಂದೆಯೇ ಕೂರಿಸಬೇಕಾಗುತ್ತಿದ್ದುದರಿಂದ ಜಾಲರಿಯನ್ನು ಕತ್ತರಿಸುವುದೋ ಕಳಚಿಡುವುದೋ ಅನಿವಾರ್ಯವಾಗುತ್ತಿದ್ದಿತು. ಅದೇ ಯುದ್ಧದಲ್ಲಿ ಅಮೆರಿಕದ ಸರ್ಕಾರವು ೧೯೪೨ರ ಆರಂಭದಿಂದ ವಾಹನಗಳ ಹೊಳೆಯುವ ಕ್ರೋಮಿಯಂ ಅಲಂಕಾರಗಳನ್ನು ನಿಷೇಧಿಸಿತು. ಸೈನ್ಯದ ಜೀಪಿಗೆ ಮೊದಲು ಪಟ್ಟಿಗಳನ್ನು ಒಂದೊಂದಾಗಿ ಬೆಸೆದ ಜಾಲರಿಯಿದ್ದು, ಬಳಿಕ ಫೋರ್ಡ್ ಕಂಪನಿಯವರು ಒಂದೇ ತಗಡನ್ನು ಒತ್ತಿ ಕಂಡಿಗಳನ್ನು ಕೊರೆದ ಅಗ್ಗದ ಜಾಲರಿಯನ್ನು ಕಂಡುಹಿಡಿದರು. ಯುದ್ಧ ಮುಗಿದ ಮೇಲೆ ಸೈನ್ಯವು ಮಾರಿಬಿಟ್ಟ ಲಾರಿಗಳು ಪಶ್ಚಿಮಘಟ್ಟದ ಕಾಡುಗಳಲ್ಲಿ ನಾಟಾ ಎಳೆಯುವುದಕ್ಕೆ ಬಂದು, ಹಲವು ದಶಕಗಳವರೆಗೆ ದುಡಿದುವು. ಅವುಗಳ ಮುಖದಲ್ಲಿ ಅಂದವನ್ನು ಹುಡುಕುವಂತಿರಲಿಲ್ಲ.

ನಾನು ಕಂಡ ಲಾರಿ ಸೈನ್ಯದ್ದಲ್ಲ. ಅಡ್ಡಲಾಗಿ ಐದು ಉಬ್ಬುಪಟ್ಟಿಗಳುಳ್ಳ ಅದರ ಜಾಲರಿಯೇ ಅದರ ವಯಸ್ಸನ್ನು ಹೇಳುತ್ತದೆ. ಷೆವರ್ಲೆ ಲಾರಿಗಳು ಈ ಮುಖವನ್ನು ತಾಳಿದ್ದುದು ೧೯೪೭ರಿಂದ ೧೯೫೩ರವರೆಗೆ. ಜನರಲ್ ಮೋಟಾರ್ಸ್ ಕಂಪನಿಯವರು ಮುಂಬಯಿಯ ಶಿವಡಿಯಲ್ಲಿ ೧೯೨೮ರಲ್ಲಿ ಕಾರ್ಖಾನೆಯನ್ನು ತೆರೆದು, ಹೊರದೇಶದಿಂದ ಬಂದ ಭಾಗಗಳನ್ನು ಅಲ್ಲಿ ಜೋಡಿಸಿ ಮಾರುತ್ತಿದ್ದರು. ಬರಿಯ ಜೋಡಣೆ ಸಾಲದು, ದೇಶದಲ್ಲಿಯೇ ತಯಾರಿಸುವವರು ಮಾತ್ರ ಇರಬೇಕೆಂದು ಭಾರತ ಸರ್ಕಾರವು ೧೯೫೩ರಲ್ಲಿ ನಿಶ್ಚಯಿಸಿತು; ಮರುವರ್ಷವೇ ಕಂಪನಿ ಕಾರ್ಖಾನೆಯನ್ನು ಮುಚ್ಚಿತು. ೧೯೫೪ರಲ್ಲಿ ಜಮಶೇಡಪುರದಿಂದ ಟಾಟಾ ಬೆಂಜ್ ಲಾರಿಗಳು ಹೊರಬರತೊಡಗಿದುವು. ದೇಶದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಆಗಲೇ ಷೆವರ್ಲೆಯನ್ನು ಕೊಂಡಿದ್ದವನ ಗತಿಯೇನು? ಅವನ ಲಾರಿ ತಾಯಿಯಿಲ್ಲದ ಮಗುವಾಯಿತು. ಜಾಲರಿ ಮುರಿದರೆ ಹೊಸದು ದೊರೆಯದು. ಊರಿನ ಕುಲುಮೆಯೇ ಗತಿ. ಕುಲುಮೆಗೆ ಮೋಟಾರಿನ ವಿದ್ಯೆ ಬಂದುದು ಹೀಗೆ, ಅಗತ್ಯದ ಮೂಲಕ.

ಆದರೆ ಆ ವಿದ್ಯೆ ಪೂರ್ಣವಾಗಿ ಹೊಸದಾಗಿರಲಿಲ್ಲವೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ತೀರ್ಥಹಳ್ಳಿಯಲ್ಲಿ ವಯಸ್ಸಾದ ಆಚಾರಿಯೊಬ್ಬರಿದ್ದಾರೆ. ತಂದೆ ಕುಲುಮೆಯವರು, ಇವರು ಗ್ಯಾರೇಜಿನವರು ಹೇಳುವ ಟಿಂಕರಿಂಗ್ ಕೆಲಸದವರು. ಅವರು ನೆಗ್ಗಿದ ತಗಡನ್ನು ಎತ್ತುವುದನ್ನು ಅರ್ಧ ದಿನ ಕುಳಿತು ನೋಡಿದೆನು. ನೆಗ್ಗಿನ ನಡುವಿಗೆ ಅವರು ಮೊದಲು ಹೊಡೆಯುವುದಿಲ್ಲ. ಅಂಚಿನಿಂದ ತೊಡಗಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ; ಹೊರಗಡೆ ಗುಂಡುತಲೆಯ ಕಬ್ಬಿಣವನ್ನು ಒತ್ತಿ ಹಿಡಿದು ಒಳಗಿನಿಂದ ಸಣ್ಣ ಸುತ್ತಿಗೆಯಲ್ಲಿ ಪೆಟ್ಟು. ಇದು ಎಲ್ಲಿಯ ವಿದ್ಯೆ? ಕಮ್ಮಾರನದಲ್ಲ. ಕಮ್ಮಾರನು ಕೆಂಪಗೆ ಕಾದ ಗಟ್ಟಿ ಕಬ್ಬಿಣವನ್ನು ಬಡಿಯುವವನು. ತಣ್ಣಗಿನ ತೆಳುತಗಡನ್ನು ಹೀಗೆ ಮೆಲ್ಲನೆ ಒಲಿಸಿಕೊಳ್ಳುವುದು ಕಂಚುಗಾರನ ವಿದ್ಯೆ. ಅಡಕೆ ಬೇಯಿಸುವ ತಾಮ್ರದ ಹಂಡೆ ನೆಗ್ಗಿದಾಗ ನಮ್ಮ ಹಳ್ಳಿಗಳಲ್ಲಿ ಇದನ್ನೇ ಮಾಡುತ್ತಿದ್ದರು. ತಗಡು ಬಡಿದಷ್ಟೂ ಬಿರುಸಾಗಿ ಸೀಳುವುದರಿಂದ ನಡುನಡುವೆ ಕಾಯಿಸಿ ಮೆಲ್ಲನೆ ಆರಲು ಬಿಟ್ಟು ಹದಕ್ಕೆ ತರಬೇಕೆಂಬುದೂ ಪಾತ್ರೆಯ ಕೆಲಸದ ಪಾಠವೇ.

ಅಲ್ಲಿಂದ ಮುಂದಿನದು ಕಮ್ಮಾರನ ಪಾಲು. ಪೆಟ್ಟು ತಿಂದ ತಗಡು ಹಿಗ್ಗಿರುತ್ತದೆ. ನೆಗ್ಗನ್ನು ಎತ್ತಿದರೂ ಆ ಭಾಗ ಡುಬ್ಬದಂತೆ ನಿಂತು, ಬೆರಳಿನಿಂದ ಒತ್ತಿದರೆ ಒಳಗೂ ಹೊರಗೂ ಆಡುತ್ತದೆ. ಅದನ್ನು ಕುಗ್ಗಿಸಬೇಕು. ಆಚಾರಿಗಳು ಒಂದು ನಾಣ್ಯದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತಲೂ ಎರಡು ಮೂರು ಪೆಟ್ಟು ಕೊಟ್ಟು, ಒದ್ದೆಬಟ್ಟೆಯನ್ನು ಒತ್ತಿದರು. ಚುಂಯ್ ಎಂದು ಆವಿ ಎದ್ದು ಡುಬ್ಬ ಕುಳಿತುಕೊಂಡಿತು. "ಇದನ್ನು ಯಾರು ಕಲಿಸಿದರು ಆಚಾರ್ರೇ?" ಎಂದೆನು. "ಕಲಿಸೋದೇನು ಬಂತು, ಗಾಡಿಚಕ್ರಕ್ಕೆ ಪಟ್ಟೆ ಹಾಕೋದನ್ನ ನೋಡ್ಲಿಲ್ವಾ ನೀವು?" ಎಂದರು. ನಿಜ. ಮರದ ಚಕ್ರಕ್ಕಿಂತ ಕೊಂಚ ಚಿಕ್ಕದಾದ ಕಬ್ಬಿಣದ ಪಟ್ಟೆಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ತೊಡಿಸಿ ನೀರೆರಚುವುದು, ಅದು ಕುಗ್ಗಿ ಅರೆಕಾಲುಗಳನ್ನೆಲ್ಲ ಬಿಗಿಯುವುದು, ಇದನ್ನು ಚಿಕ್ಕಂದಿನಲ್ಲಿ ನಾನೂ ನೋಡಿದ್ದೆನು. ಎರಡೂ ಒಂದೇ ತತ್ತ್ವವೆಂದು ಮಾತ್ರ ತೋರಿರಲಿಲ್ಲ.

ಬೆಸುಗೆಯ ವಿಷಯಕ್ಕೆ ಬಂದರೆ ಅದೇ ಒಂದು ಅಧ್ಯಾಯವಾಗುತ್ತದೆ. ಹಳೆಯ ಕ್ರಮ ಹಿತ್ತಾಳೆಯದು. ಒಡೆದ ಅಂಚುಗಳನ್ನು ಅರದಿಂದ ಉಜ್ಜಿ ಬೆಳ್ಳಗೆ ಮಾಡಿ, ಬಿಳಿಗಾರವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹಿತ್ತಾಳೆಯ ಚೂರುಗಳನ್ನಿಟ್ಟು ಇದ್ದಿಲ ಬೆಂಕಿಯಲ್ಲಿ ತಿದಿಯೊತ್ತಿದರೆ, ಸುಮಾರು ೯೦೦ ಡಿಗ್ರಿ ಕಾವಿನಲ್ಲಿ ಹಿತ್ತಾಳೆ ಕರಗಿ ಸಂದಿನೊಳಕ್ಕೆ ತಾನೇ ಹರಿದುಕೊಳ್ಳುವುದು. ಉಕ್ಕು ಕರಗಲು ೧೫೦೦ ಡಿಗ್ರಿಯಷ್ಟು ಬೇಕಾದುದರಿಂದ ತಗಡಿಗೆ ಅಪಾಯವಿಲ್ಲ. ಆಮೇಲೆ ಬಂದುದು ಗ್ಯಾಸಿನ ಬೆಸುಗೆ. ಜಾತ್ರೆ ಮೆರವಣಿಗೆಗಳಲ್ಲಿ ಬೆಳಕಿಗಾಗಿ ಉರಿಸುತ್ತಿದ್ದ ಕಾರ್ಬೈಡಿನ ಹರಳಿಗೆ ನೀರು ತಾಕಿಸಿದಾಗ ಏಳುವ ಅನಿಲವನ್ನೇ ಆಮ್ಲಜನಕದೊಡನೆ ಉರಿಸಿದರೆ ಜ್ವಾಲೆಯ ಕಾವು ೩೦೦೦ ಡಿಗ್ರಿಯನ್ನು ದಾಟುತ್ತದೆ; ಉಕ್ಕಿಗೆ ಉಕ್ಕೇ ಕರಗಿ ಕೂಡುತ್ತದೆ. ಇದು ಹೆಚ್ಚು ಗಟ್ಟಿ, ಆದರೆ ತೆಳುತಗಡು ಸೊಟ್ಟಗಾಗುವ ಭಯವುಂಟು. ಮತ್ತೊಂದು ತೊಡಕೆಂದರೆ, ಒಮ್ಮೆ ಹಿತ್ತಾಳೆ ಕುಡಿದ ಜಾಗದಲ್ಲಿ ಉಕ್ಕಿನ ಬೆಸುಗೆ ನಿಲ್ಲುವುದಿಲ್ಲ, ಬಿರುಕು ಬಿಡುತ್ತದೆ. ಆದಕಾರಣ ಹಿಂದಿನವನು ಯಾವ ಬೆಸುಗೆ ಹಾಕಿದ್ದನೆಂಬುದನ್ನು ತಿಳಿಯದೆ ಇಂದಿನವನು ಕೈಯಿಡುವಂತಿಲ್ಲ. ಶಾಸನದ ಮೇಲೆ ಸುಣ್ಣ ಬಳಿದಿದ್ದರೆ ಸುಣ್ಣವನ್ನು ಕೆರೆದು ಓದುವಂತೆ, ಇವರೂ ಬಣ್ಣವನ್ನು ಕೆರೆದು ಓದುತ್ತಾರೆ.

ನಮ್ಮ ಲಾರಿಯ ಜಾಲರಿಯನ್ನು ಕಳಚಿ ತೀರ್ಥಹಳ್ಳಿಗೆ ಒಯ್ದುದು ಮಾಘಮಾಸದಲ್ಲಿ. ಮೊಮ್ಮಗನೂ ಬಂದಿದ್ದನು. ಬೋಲ್ಟುಗಳೆಲ್ಲ ತುಕ್ಕಿನಿಂದ ಕಚ್ಚಿಕೊಂಡಿದ್ದುವು. ಎರಡು ದಿನ ಸೀಮೆಎಣ್ಣೆ ಕುಡಿಸಿದರೂ ಬಿಡದೆ, ಹೆಚ್ಚಿನವನ್ನು ಚಾಣದಿಂದ ಕತ್ತರಿಸಬೇಕಾಯಿತು. ಬಣ್ಣದ ಪದರಗಳನ್ನು ಕೆರೆಯುತ್ತ ಹೋದಂತೆ ಆಚಾರಿಗಳು ಮಾತನಾಡತೊಡಗಿದರು. ಎರಡನೆಯ ಪಟ್ಟಿಯಲ್ಲಿ ಅಂಗೈಯಗಲದ ತೇಪೆಯೊಂದಿತ್ತು. ಸುತ್ತಲೂ ಹಳದಿಯ ಗೆರೆ, ಎಂದರೆ ಹಿತ್ತಾಳೆಯ ಬೆಸುಗೆ. ತೇಪೆಯ ತಗಡಿನಲ್ಲಿ ಒಂದು ಉಬ್ಬುಗೆರೆ ಓರೆಯಾಗಿ ಹಾದುಹೋಗಿದ್ದಿತು. ಅದನ್ನು ಸವರಿ ನೋಡಿ, ಇದು ಡಾಂಬರಿನ ಡ್ರಮ್ಮಿನ ತಗಡು ಎಂದರು. ಯಾವ ರಸ್ತೆಗೆ ಸುರಿದ ಡಾಂಬರೋ, ಆ ಡ್ರಮ್ಮು ಅದೇ ರಸ್ತೆಯ ಲಾರಿಗೆ ತೇಪೆಯಾಗಿರಲೂಬಹುದೆಂದು ನನಗೆ ನಗು ಬಂದಿತು.

ಎಲ್ಲಕ್ಕೂ ಕೆಳಗಿನ ಪಟ್ಟಿ ಕಾರ್ಖಾನೆಯದೇ ಅಲ್ಲ. ಉಳಿದವು ಟೊಳ್ಳಾದ ಉಬ್ಬುತಗಡಿನವು. ಇದು ಗಟ್ಟಿಯಾದ ಚಪ್ಪಟೆ ಕಬ್ಬಿಣ, ತೂಕದಲ್ಲಿ ಮೂರರಷ್ಟು. ಅದರಲ್ಲಿ ಸಮದೂರದಲ್ಲಿ ಮೂರು ತೂತುಗಳಿದ್ದು, ತೂತಿನ ಬಾಯಿ ಮೊಳೆಯ ತಲೆ ಕೂರುವಂತೆ ಅಗಲವಾಗಿದ್ದಿತು. ಒಂದು ಮೈ ಸವೆದು ಕನ್ನಡಿಯಂತಾಗಿದ್ದಿತು. ಗಾಡಿಚಕ್ರದ ಪಟ್ಟೆಯನ್ನು ನೆಟ್ಟಗೆ ಮಾಡಿ ಲಾರಿಯ ಮುಖಕ್ಕೆ ಜೋಡಿಸಿದ್ದರು. ಗಾಡಿಯು ಲಾರಿಗೆ ದಾರಿ ಬಿಟ್ಟಿತೆಂದು ಬರೆಯುವುದು ನಮ್ಮ ಚರಿತ್ರೆಕಾರರ ವಾಡಿಕೆ. ದಾರಿ ಬಿಟ್ಟುದಷ್ಟೇ ಅಲ್ಲ, ತನ್ನ ಕಬ್ಬಿಣವನ್ನೂ ಕೊಟ್ಟಿತೆಂಬುದಕ್ಕೆ ನನಗೆ ದೊರೆತ ಪ್ರತ್ಯಕ್ಷ ಸಾಕ್ಷಿ ಇದು. ಮೊಮ್ಮಗನು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದನು.

ಉಳಿದುದು ಮೂರನೆಯ ಮತ್ತು ನಾಲ್ಕನೆಯ ಪಟ್ಟಿಗಳ ನೆಗ್ಗು. ಎರಡರಲ್ಲಿಯೂ ಒಂದೇ ನೇರದಲ್ಲಿ, ಚೌಕನಾದ ಮೂಲೆಯೊಂದು ಒತ್ತಿದಂತೆ, ಎರಡು ಬೆರಳಿನ ಆಳ. ಮರ ತಾಗಿದರೆ ಹೀಗಾಗದು. ಇದರ ಕಥೆ ಯಜಮಾನರಿಗೆ ಗೊತ್ತಿದ್ದಿತು. ಅವರ ಮೂಲಮನೆ ಇದ್ದುದು ಸಾಗರ ತಾಲ್ಲೂಕಿನ ಕರೂರು ಹೋಬಳಿಯ ಕಡೆ, ಶರಾವತಿಯ ದಡದ ಮೇಲೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಂತೆ ಅದೂ ಮುಳುಗಿತು. ಆಗ ಅವರಿಗೆ ಹತ್ತು ವರ್ಷ. ತಂದೆಯ ಲಾರಿಯಲ್ಲಿಯೇ ಸಾಮಾನು ಸಾಗಿತು. ಮನೆಯ ಕಂಬ ತೊಲೆಗಳು, ಬಾಗಿಲುವಾಡ, ಹಂಚು, ಹಂಡೆ, ತುಳಸಿಕಟ್ಟೆಯ ಕಲ್ಲು. ಕಡೆಯ ಹೇರಿನ ದಿನ ಮಳೆ ಹಿಡಿದು, ಅಂಗಳದ ಕೆಸರಿನಲ್ಲಿ ಲಾರಿ ಜಾರಿ, ದಣಪೆಯ ಕಲ್ಲುಕಂಬಕ್ಕೆ ಮುಖ ಕೊಟ್ಟಿತು. ಕಂಬವೇನೂ ಅಲುಗಲಿಲ್ಲವಂತೆ. ತಂದೆಯವರು ಇಳಿದು ಬಂದು, ಜಾಲರಿಯನ್ನು ನೋಡದೆ ಕಂಬವನ್ನು ತಡವಿ ನೋಡಿದರೆಂದು ಯಜಮಾನರು ಹೇಳಿದರು. ಮುಂದೆ ಯಾರೋ ಪಟ್ಟಿಗಳನ್ನು ರೇಡಿಯೇಟರಿಗೆ ತಾಗದಷ್ಟು ಹೊರಕ್ಕೆ ಎಳೆದು ಬಿಟ್ಟಿದ್ದರು. ನೆಗ್ಗು ಮಾತ್ರ ಉಳಿಯಿತು.

ಬೇಸಗೆಯಲ್ಲಿ ಜಲಾಶಯ ತೀರ ಬತ್ತಿದ ವರ್ಷಗಳಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದೆದ್ದು ಕಾಣುವುದುಂಟು, ಜನರು ಹೋಗಿ ನೋಡಿ ಬರುವುದೂ ಉಂಟು. ಇವರ ದಣಪೆ ಇದ್ದ ಜಾಗ ಹಾಗೆ ಎಂದೂ ಮೇಲೆ ಬಂದಿಲ್ಲ.

ಇಷ್ಟಾದ ಮೇಲೆ ನನ್ನ ಅಭಿಪ್ರಾಯವನ್ನು ಕೇಳುವವರಾರೂ ಇರಲಿಲ್ಲ, ಆದರೂ ಹೇಳುತ್ತೇನೆ. ಪಟ್ಟಿ ಸೀಳಿದ್ದರೆ ಬೆಸೆಯತಕ್ಕದ್ದು. ತುಕ್ಕು ತಿನ್ನುತ್ತಿದ್ದರೆ ಅದನ್ನು ಕಿತ್ತು ಹಾಕತಕ್ಕದ್ದು. ಗಾಳಿಗೆ ಅಡ್ಡಿಯಾದುದನ್ನು ನೆಟ್ಟಗೆ ಮಾಡತಕ್ಕದ್ದು. ಓಡುವ ಲಾರಿಗೆ ಇಷ್ಟು ಸಲ್ಲಬೇಕು. ಇದಕ್ಕೂ ಮೀರಿ, ಕಾರ್ಖಾನೆಯಿಂದ ನಿನ್ನೆ ಹೊರಬಂದಂತೆ ಮಾಡುವೆನೆಂದು ಹೊರಟರೆ, ಅದು ಮುಂಬಯಿಯಲ್ಲಿ ಜೋಡಣೆಯಾದ ದಿನವನ್ನು ಉಳಿಸಿಕೊಂಡು ಮಲೆನಾಡಿನಲ್ಲಿ ಕಳೆದ ಎಪ್ಪತ್ತು ವರ್ಷಗಳನ್ನು ಅಳಿಸಿದಂತೆ. ಹಾಗೆ ಮಾಡುವವರ ಶ್ರದ್ಧೆಯನ್ನು ನಾನು ಹಳಿಯುವುದಿಲ್ಲ. ಮೊಮ್ಮಗನು ಅಷ್ಟು ಹಣ ತೆತ್ತು ಹೊಸ ಜಾಲರಿಯನ್ನು ತರಿಸಿದುದು ಅಜ್ಜನ ಲಾರಿಯ ಮೇಲಿನ ಪ್ರೀತಿಯಿಂದಲೇ ಅಲ್ಲವೆ?

ಆಚಾರಿಗಳು ಮೇಲಿನ ಪಟ್ಟಿಯ ಸೀಳನ್ನು 'ಗ್ಯಾಸಿ'ನಿಂದ ಬೆಸೆದರು. ಡ್ರಮ್ಮಿನ ತೇಪೆಯ ಅಂಚು ಎದ್ದಿದ್ದ ಕಡೆ ಮತ್ತೆ ಹಿತ್ತಾಳೆಯನ್ನೇ ಹರಿಸಿದರು. ಗಾಡಿಪಟ್ಟೆಗೆ ಅರವನ್ನೂ ತಾಗಿಸಲಿಲ್ಲ. ಮೂರನೆಯ ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು, ಸುತ್ತಿಗೆ ಹಿಡಿದು, "ಇದನ್ನೂ ಎತ್ತಬೇಕಾ ಅಯ್ಯಾ?" ಎಂದು ಕೇಳಿದರು. ಯಜಮಾನರು ಉತ್ತರ ಕೊಡುವುದಕ್ಕೆ ಮೊದಲೇ ಮೊಮ್ಮಗನು, "ಅದು ಹಾಗೇ ಇರಲಿ" ಎಂದುಬಿಟ್ಟನು. ಆಚಾರಿಗಳು ಪಟ್ಟಿಯ ಹಿಂಬದಿಗೆ ಬೆರಳುಗಳನ್ನಿಟ್ಟು ಅಳೆದು, ರೇಡಿಯೇಟರಿಗೆ ನಾಲ್ಕು ಬೆರಳಿನ ಅಂತರವಿರುವುದನ್ನು ಖಚಿತಪಡಿಸಿಕೊಂಡು, ಒಳಗೂ ಹೊರಗೂ ಕೆಂಪು ಬಣ್ಣದ ಮೊದಲ ಲೇಪವನ್ನು ಬಳಿದು ಬಿಸಿಲಿಗಿಟ್ಟರು.

ಅಮೆರಿಕದ ಜಾಲರಿ ಪೆಟ್ಟಿಗೆಯೊಡನೆ ಅಟ್ಟವನ್ನೇರಿತು. ಅದರ ಜೊತೆಗೆ ಬಂದಿದ್ದ ಹೊಸ ಬೋಲ್ಟುಗಳು ಮಾತ್ರ ಹಳೆಯ ಜಾಲರಿಯನ್ನು ಕೂರಿಸುವುದಕ್ಕೆ ಸರಿಯಾಗಿ ಒದಗಿದುವು.